ತಾತ, ಮೊಮ್ಮಗ, ಮೆಟಲ್ ಡಿಟೆಕ್ಟರ್: ಬೆಂಗಳೂರಲ್ಲಿ ಹುಡುಕುವುದು ಎಲ್ಲಿ?

ಪ್ರಶ್ನೆ: ನಮ್ಮ ತಂದೆ ರಿಟೈರ್ ಆಗಿದ್ದಾರೆ, ಈಗ 67 ವರ್ಷ. ನನ್ನ ಮಗ ಏಳನೇ ಕ್ಲಾಸು. ತಾತ-ಮೊಮ್ಮಗ ಇಬ್ಬರೂ ಇಂಗ್ಲೆಂಡಿನವರು ಹೊಲದಲ್ಲಿ ಹಳೇ ನಾಣ್ಯ ಹುಡುಕುವ ವಿಡಿಯೋ ನೋಡಿ ನೋಡಿ, ಈಗ ಮೆಟಲ್ ಡಿಟೆಕ್ಟರ್ ಕೊಳ್ಳಲೇಬೇಕು ಅಂತ ಹಟ ಹಿಡಿದಿದ್ದಾರೆ. ನಾವಿರುವುದು ರಾಜಾಜಿನಗರದಲ್ಲಿ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಆಚೆ ಅಪ್ಪನಿಗೂ ಚಿಕ್ಕಪ್ಪಂದಿರಿಗೂ ಸೇರಿದ ಹೊಲ ಇದೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಕೆರೆ ಅಂಗಳದಲ್ಲೂ ಹುಡುಕಬಹುದಾ? ಏನಾದ್ರೂ ಸಿಕ್ಕರೆ ಅದು ಯಾರದು? ಎಂಥ ಮಷೀನ್ ತಗೋಬೇಕು? ಬೇಸಿಗೆ ರಜೆಗೇ ಶುರು ಮಾಡಬೇಕಂತೆ. (ಓದುಗರೊಬ್ಬರು, ರಾಜಾಜಿನಗರ)

ಉತ್ತರ:

ಮಷೀನ್ ಕೊಡಿಸಿ, ತೊಂದರೆಯಿಲ್ಲ. ಲಾಲ್‌ಬಾಗ್ ಬೇಡ, ಕಬ್ಬನ್ ಪಾರ್ಕ್ ಬೇಡ, ಕೆರೆಯೂ ಬೇಡ. ಹೊಲಕ್ಕೆ ಹೋಗಬಹುದು. ಆದರೆ ಮೊದಲು ಚಿಕ್ಕಪ್ಪಂದಿರನ್ನು ಕೇಳಿ, ಪಹಣಿ ನೋಡಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ತಂದೆಗೂ ಓದಿಸಿ.

ಆ ವಿಡಿಯೋಗಳಲ್ಲಿ ಕಾಣುವುದು ಬೀಪ್ ಸದ್ದು, ಮಣ್ಣಿನಿಂದ ಎದ್ದು ಬರುವ ಬೆಳ್ಳಿ ನಾಣ್ಯ, ಆಮೇಲೆ ಒಂದು ಕುಣಿತ. ಅದರ ಹಿಂದಿರುವ ಏರ್ಪಾಡು ಕಾಣುವುದಿಲ್ಲ. ಅಲ್ಲಿ 1996ರಲ್ಲೇ ನಿಧಿಗೆ ಅಂತ ಹೊಸ ಕಾನೂನು ಬಂತು. ಸಿಕ್ಕಿದ ವಸ್ತುಗಳನ್ನು ನೋಡಿ, ದಾಖಲು ಮಾಡುವ ಏರ್ಪಾಡು 1997ರಲ್ಲಿ ಕೆಲವು ಕಡೆ ಶುರುವಾಯಿತು, ಈಗ ಜಿಲ್ಲೆ ಜಿಲ್ಲೆಯಲ್ಲಿ ಅದಕ್ಕೆ ಅಧಿಕಾರಿಗಳಿದ್ದಾರೆ. ಹೀಗೆ ದಾಖಲಾದ ವಸ್ತುಗಳು 10 ಲಕ್ಷ ದಾಟಿವೆ. ಹೊಲದ ಮಾಲೀಕನ ಒಪ್ಪಿಗೆ ಇಲ್ಲದೆ ಯಾರೂ ಕಾಲಿಡುವ ಹಾಗಿಲ್ಲ. ಸಂರಕ್ಷಿತ ಜಾಗದಲ್ಲಿ ಅಲ್ಲೂ ಮಷೀನ್ ಆಡಿಸುವಂತಿಲ್ಲ. ನಮ್ಮಲ್ಲಿ ಈ ಹವ್ಯಾಸಕ್ಕೆ ಅಂತ ಇಂಥ ಏರ್ಪಾಡು ಇಲ್ಲ. ಹಾಗಾಗಿ ಪುರಾತನ ವಸ್ತುಗಳ ಮೇಲಿನ ಕಾನೂನುಗಳೆಲ್ಲ ನೇರವಾಗಿ ನಿಮ್ಮ ತಲೆ ಮೇಲೆ ಬಂದು ಕೂರುತ್ತವೆ.

ಮೊದಲು ಜಾಗದ ವಿಷಯ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆ ಕೈಯಲ್ಲಿವೆ. ಅವುಗಳ ರಕ್ಷಣೆಗೆ ಅಂತಲೇ 1975ರ ಕಾಯ್ದೆ ಇದೆ. ಅಲ್ಲಿ ಹುಲ್ಲು ಕೀಳಲೂ ನಿಮಗೆ ಹಕ್ಕಿಲ್ಲ, ಇನ್ನು ಗುಂಡಿ ತೋಡುವುದು ಎಲ್ಲಿಂದ ಬಂತು? ಕೆರೆ ಅಂಗಳ ಸರ್ಕಾರದ್ದು. ಕಂಟೋನ್ಮೆಂಟ್ ಕಡೆ ಮಿಲಿಟರಿ ಜಾಗ ಜಾಸ್ತಿ. ಅಲ್ಲಿ ಮಷೀನ್ ಹಿಡಿದು ನಿಂತರೆ ವಿಚಾರಣೆ ಬೇರೆ ಥರ ಇರುತ್ತದೆ. ಟಿಪ್ಪು ಅರಮನೆ, ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ಕೋಟೆ, ದೇವನಹಳ್ಳಿ ಕೋಟೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ರಾಜ್ಯ ಸರ್ಕಾರದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಊರಿನ ಹಳೇ ಗುಡಿ, ಪಾಳು ಕೋಟೆ, ಕಲ್ಯಾಣಿ ಕಂಡರೆ ಯಾವ ಪಟ್ಟಿಯಲ್ಲಿದೆ ಅಂತ ಹುಡುಕುತ್ತಾ ಕೂರಬೇಡಿ. ಸುಮ್ನೆ ದೂರ ಇರಿ.

ಆಸೆ ಆಗುವುದು ಸಹಜ ಅಲ್ವಾ? ಈ ಊರಿನ ಮಣ್ಣಿನೊಳಗೆ ಏನೂ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. 1791ರ ಮಾರ್ಚ್ 7ಕ್ಕೆ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿಯಿತು, 21ರ ರಾತ್ರಿ ಕೋಟೆಗೆ ನುಗ್ಗಿತು. ಎರಡು ವಾರದ ಆ ಹೊಡೆದಾಟದ ಸೀಸದ ಗುಂಡು, ಕಬ್ಬಿಣದ ಗುಂಡು ಎಲ್ಲ ಎಲ್ಲಿ ಹೋಗಬೇಕು? ಮಾರ್ಕೆಟ್ಟು, ಆಸ್ಪತ್ರೆ, ರಸ್ತೆಗಳ ಅಡಿಯಲ್ಲೇ ಇರಬೇಕು. 2012ರಲ್ಲಿ ಮೆಟ್ರೋ ಕೆಲಸ ನಡೆಯುವಾಗ ಕೋಟೆ ಹತ್ತಿರ ಹಳೇ ಫಿರಂಗಿಯೇ ಎದ್ದು ಬಂತು. ಅದಕ್ಕೂ ಬಹಳ ಮುಂಚೆ, 1891ರಲ್ಲಿ, ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಆಮೇಲೆ ಎಚ್‌ಎಎಲ್ ಕಡೆಯೂ ಸಿಕ್ಕವು. ನಿಮ್ಮ ಮನೆಯಿಂದ ಯಶವಂತಪುರ ಎಷ್ಟು ದೂರ ಹೇಳಿ? ಎರಡು ಸಾವಿರ ವರ್ಷದ ಹಿಂದೆ ರೋಮ್ ಚಕ್ರವರ್ತಿಯ ತಲೆ ಇರುವ ನಾಣ್ಯ ಇಲ್ಲಿಯವರೆಗೆ ಬಂದಿತ್ತು.

ಈ ಯಶವಂತಪುರದ ನಾಣ್ಯಗಳ ಜೊತೆ ಚಿತ್ರದುರ್ಗದ ಚಂದ್ರವಳ್ಳಿಯನ್ನು ಇಟ್ಟು ನೋಡಿ. ಅಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರಲ್ಲಿ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಅಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿತು. ಆದರೆ ಮಣ್ಣನ್ನು ಪದರ ಪದರವಾಗಿ ತೆಗೆದಿದ್ದರಿಂದ ಆ ನಾಣ್ಯ ಇದ್ದ ಪದರದಲ್ಲೇ ಶಾತವಾಹನರ ನಾಣ್ಯ ಯಾವುದಿತ್ತು, ಮಡಕೆ ಚೂರು ಎಂಥದಿತ್ತು ಅನ್ನುವುದು ಗೊತ್ತಾಯಿತು. ರೋಮನ್ ನಾಣ್ಯದ ಕಾಲ ಗೊತ್ತಿರುವುದರಿಂದ ಪಕ್ಕದ ಮಡಕೆಯ ಕಾಲವೂ ಗೊತ್ತಾಯಿತು. ಮುಂದೆ ಬೇರೆ ಊರಲ್ಲಿ ಅಂಥದೇ ಮಡಕೆ ಚೂರು ಸಿಕ್ಕರೂ ಸಾಕು, ಲೆಕ್ಕ ಹಾಕಬಹುದು. ಯಶವಂತಪುರದಲ್ಲಿ ನಾಣ್ಯ ಬಂತು, ಅಷ್ಟೇ. ಅದನ್ನು ಹೂತವರು ವ್ಯಾಪಾರಿಯೋ, ಅಲ್ಲಿ ಮನೆಯಿತ್ತೋ ದಾರಿಯಿತ್ತೋ, ಯಾವುದಕ್ಕೂ ಉತ್ತರ ಇಲ್ಲ. ಡಿಟೆಕ್ಟರ್ ಹಿಡಿದವರು ಆತುರದಲ್ಲಿ ಮಾಡುವುದು ಈ ಯಶವಂತಪುರದ ಥರದ ಕೆಲಸ. ನಾಣ್ಯ ಕೈಗೆ ಬರುತ್ತದೆ, ಅದರ ಸುತ್ತಲಿನ ಸಾಕ್ಷಿ ಗುಂಡಿಯಲ್ಲೇ ಹಾಳಾಗುತ್ತದೆ. ನನ್ನ ತಕರಾರು ಮಷೀನ್ ಮೇಲಲ್ಲ, ಗುದ್ದಲಿ ಮೇಲೆ.

ಆದ್ದರಿಂದ ಹೊಲದಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳಿ. ನೇಗಿಲು, ಟ್ರ್ಯಾಕ್ಟರ್ ಕಲಕಿದ ಮಣ್ಣು ಎಷ್ಟು ಆಳವೋ ಅಷ್ಟೇ ನಿಮ್ಮದು, ಸುಮಾರು ಆರು ಇಂಚು ಅಂದುಕೊಳ್ಳಿ. ಅಲ್ಲಿ ಪದರ ಅನ್ನುವುದು ಆಗಲೇ ಉಳಿದಿರುವುದಿಲ್ಲ. ಅದರ ಕೆಳಗೆ ಮಣ್ಣು ಗಟ್ಟಿಯಾಗಿ, ಬಣ್ಣ ಬದಲಾದರೆ ನಿಲ್ಲಿಸಿಬಿಡಿ, ಬೀಪ್ ಎಷ್ಟೇ ಜೋರಾಗಿದ್ದರೂ ಸರಿ. ಬೂದಿ, ಮೂಳೆ, ಸಾಲಾಗಿ ಇಟ್ಟಿಗೆ, ಕಪ್ಪು-ಕೆಂಪು ಮಡಕೆ ಚೂರು ಕಂಡರೂ ಹಾಗೇ. ಗುಡ್ಡದ ಬುಡದಲ್ಲಿ ದುಂಡಗೆ ಕಲ್ಲು ಜೋಡಿಸಿದ್ದು ಕಂಡರೆ ಅದು ಬೃಹತ್ ಶಿಲಾಯುಗದ ಸಮಾಧಿ ಇರಬಹುದು. ಚಿಕ್ಕಜಾಲ, ಜಡಿಗೇನಹಳ್ಳಿ, ನಿಮ್ಮ ಕಡೆಯ ಸಾವನದುರ್ಗ, ಬೆಂಗಳೂರಿನ ಸುತ್ತ ಅವು ಬೇಕಾದಷ್ಟಿವೆ. ಒಳಗೆ ಕಬ್ಬಿಣದ ಸಾಮಾನು ಇರುತ್ತದೆ, ಮಷೀನ್ ಖಂಡಿತ ಕೂಗುತ್ತದೆ. ಮುಟ್ಟಬೇಡಿ. ಪುರಾತನ ವಸ್ತು ಹುಡುಕಲೆಂದೇ ಅಗೆದರೆ ಅದು ಉತ್ಖನನ, ಅದಕ್ಕೆ ಅನುಮತಿ ಬೇಕು. ನಿಮ್ಮದೇ ಹೊಲದಲ್ಲಿ ಬಿದ್ದ ಮೊಳೆ, ಲಾಳ, ಕಳೆದುಹೋದ ಉಂಗುರ ಹುಡುಕುವುದು ಬೇರೆ ಮಾತು.

ಸಿಕ್ಕಿದ್ದು ಯಾರದು ಅಂತ ಕೇಳಿದ್ದೀರಿ. ನಮ್ಮ ಹೊಲದಲ್ಲಿ ಸಿಕ್ಕಿದ್ದು ನಮ್ಮದು ಅನ್ನುವುದು ಊರಿನ ಲೆಕ್ಕ, ಕಾನೂನಿನ ಲೆಕ್ಕ ಅಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲಿ ನೆಲದಲ್ಲಿ ಹುದುಗಿದ್ದು, ಬೆಲೆ 10 ರೂಪಾಯಿ ದಾಟಿದ್ದು ಅಂದರೆ ಸಾಕು, ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಅಂತಿದೆ. ಏನು ಸಿಕ್ಕಿತು, ಎಲ್ಲಿ, ಯಾವತ್ತು ಅನ್ನುವುದೆಲ್ಲ ಅದರಲ್ಲಿರಬೇಕು. ಮುಚ್ಚಿಟ್ಟರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆ ಇದೆ. ಅದರಲ್ಲೂ ತಿರುಳು ಇದೇ: ಡಿಸಿಗೆ ತಿಳಿಸಿ, ಹಂಚಿಕೆ ತೀರ್ಮಾನ ಕಾನೂನು ಪ್ರಕಾರ ಆಗುತ್ತದೆ. ಇದರ ಮೇಲೆ 1972ರ ಪ್ರಾಚ್ಯ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಪಾತ್ರೆ ಎಲ್ಲ ಅದರೊಳಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಅಮೆರಿಕದಲ್ಲಿರುವ ನೆಂಟರಿಗೆ ಉಡುಗೊರೆ ಅಂತ ಕಳಿಸುವ ಹಾಗೂ ಇಲ್ಲ.

ಪ್ರಾಯೋಗಿಕವಾಗಿ ಹೇಳಬೇಕೆಂದರೆ, 1960ರ ದಶಕದ ಒಂದು ಪೈಸೆ ಸಿಕ್ಕಿತು ಅಂತ ಡಿಸಿ ಕಚೇರಿಗೆ ಓಡಬೇಕಿಲ್ಲ. ಒಂದೇ ಜಾಗದಲ್ಲಿ ನಾಲ್ಕಾರು ಹಳೇ ನಾಣ್ಯ, ಬೆಳ್ಳಿ ಬಂಗಾರದ್ದು ಏನೇ ಆಗಲಿ, ವಿಗ್ರಹ, ಶಸ್ತ್ರ, ತಾಮ್ರ ಶಾಸನದ ತಗಡು: ಇವು ಕಂಡರೆ ಕೈ ತೆಗೆದುಬಿಡಿ. ಇದ್ದ ಹಾಗೇ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲೋ ಪೆನ್ನೋ ಇಡಿ. ಫೋನಿನಲ್ಲಿ ಲೊಕೇಶನ್ ಗುರುತು ಹಾಕಿ. ಮಣ್ಣು ಮುಚ್ಚಿ, ತಹಸೀಲ್ದಾರರಿಗೋ ಡಿಸಿಗೋ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಗುಂಡು, ಶೆಲ್ಲು, ಸಿಲಿಂಡರ್ ಆಕಾರದ್ದು ಕಂಡರೆ 112ಕ್ಕೆ ಫೋನ್ ಮಾಡಿ. ಹಳೇದು ಅಂದ ಮಾತ್ರಕ್ಕೆ ಸತ್ತಿದೆ ಅಂತಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ ಬತ್ತಿದ ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಹೊರಗೆ ಬಂದವು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತು, ಅದೇ ಸುಳಿವು.

ಇನ್ನೊಂದು, ನಮ್ಮವರೇ ಮಾಡುವ ಅನಾಹುತ: ಸಿಕ್ಕ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಪೀತಾಂಬರಿ ಹಾಕಿ ಬೆಳಗುವುದು. ದೇವರ ಸಾಮಾನಿಗೆ ಸರಿ, ನಾಣ್ಯಕ್ಕೆ ಅಲ್ಲ. ಆ ಹಸಿರು ಪದರದ ಕೆಳಗೆ ಅಕ್ಷರ ಉಳಿದಿರುತ್ತದೆ. ತಿಕ್ಕಿದರೆ ಪದರದ ಜೊತೆ ಅಕ್ಷರವೂ ಹೋಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಡಿ, ಸಾಕು.

ಈಗ ಮಷೀನ್. ಕೆಳಗಿನ ದುಂಡು ತಟ್ಟೆಯಲ್ಲಿ ಎರಡು ತಂತಿ ಸುರುಳಿ ಇರುತ್ತವೆ. ಒಂದು ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರ ಮೈಯಲ್ಲಿ ಸಣ್ಣ ಕರೆಂಟು ಸುತ್ತಾಡುತ್ತದೆ, ಅದರಿಂದ ಒಂದು ಪುಟ್ಟ ಕಾಂತಕ್ಷೇತ್ರ ವಾಪಸ್ ಬರುತ್ತದೆ. ಅದನ್ನು ಎರಡನೇ ಸುರುಳಿ ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಲೋಹ ಯಾವುದು ಅಂತ ಒಂದು ಅಂಕಿ ತೋರಿಸುತ್ತದೆ. ಕಬ್ಬಿಣ ಕೆಳಗಿನ ಅಂಕಿ, ತಾಮ್ರ ಬೆಳ್ಳಿ ಮೇಲಿನ ಅಂಕಿ. ಚಿನ್ನದ ಉಂಗುರ ಎಲ್ಲೋ ಮಧ್ಯದಲ್ಲಿ ಬರುತ್ತದೆ, ಸರಿಯಾಗಿ ಮಾತ್ರೆ ಹಾಳೆಯ ಅಲ್ಯೂಮಿನಿಯಂ ಬರುವ ಜಾಗದಲ್ಲೇ. ಹಾಗಾಗಿ ಚಿನ್ನ ಮಾತ್ರ ತೋರಿಸುವ ಮಷೀನ್ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಆಳದ ವಿಷಯದಲ್ಲೂ ಅಷ್ಟೇ. ಕಾಸಿನಷ್ಟು ಸಣ್ಣ ವಸ್ತುವನ್ನು ಆರೆಂಟು ಇಂಚು ಆಳದಲ್ಲಿ ಹಿಡಿದರೆ ಅದೇ ದೊಡ್ಡದು.

ನಮ್ಮ ಕಡೆ ಇನ್ನೂ ಒಂದು ತಾಪತ್ರಯ, ಕೆಂಪು ಮಣ್ಣು. ಅದರ ಬಣ್ಣವೇ ಕಬ್ಬಿಣದಿಂದ ಬಂದಿದ್ದು. ಬರೀ ಮಣ್ಣಿಗೇ ಮಷೀನ್ ಗೊಣಗುತ್ತದೆ. ಅದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಬೇಕು: ಲೋಹ ಇಲ್ಲದ ಜಾಗ ನೋಡಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿದರೆ ಮಷೀನ್ ಆ ಮಣ್ಣಿಗೆ ಹೊಂದಿಕೊಂಡು ಸುಮ್ಮನಾಗುತ್ತದೆ. ಗ್ಯಾರೆಟ್ ಏಸ್ 300 ಬಳಸಲು ಬಹಳ ಸುಲಭ, ಆದರೆ ಅದರಲ್ಲಿ ಈ ಹೊಂದಾಣಿಕೆ ಕಂಪನಿಯೇ ಕೂರಿಸಿದ್ದು, ನಾವು ಬದಲಿಸಲಾಗದು. ಆದ್ದರಿಂದ ಮಾಗಡಿ ರಸ್ತೆಯ ಮಣ್ಣಿಗೆ ನಾನಾದರೆ ನೋಕ್ಟಾ ಸಿಂಪ್ಲೆಕ್ಸ್ ಥರದ್ದು, ಇಲ್ಲವೇ ಒಂದೇ ಸಲ ಹಲವು ಫ್ರೀಕ್ವೆನ್ಸಿ ಬಳಸುವ ಮೈನ್‌ಲ್ಯಾಬ್ ವ್ಯಾನ್‌ಕ್ವಿಶ್ ಥರದ್ದು ನೋಡುತ್ತೇನೆ. ತಟ್ಟೆ ಡಬಲ್ ಡಿ ಇರಲಿ, ಅಂದರೆ ಒಳಗಿನ ಎರಡು ಸುರುಳಿ ಇಂಗ್ಲಿಷ್ ಡಿ ಅಕ್ಷರದ ಆಕಾರದಲ್ಲಿರುವಂಥದ್ದು. ಲೋಹ ಸರಿಯಾಗಿ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಪಿನ್‌ಪಾಯಿಂಟರ್ ಒಂದು ಬೇಕೇ ಬೇಕು. ಅದಿಲ್ಲದಿದ್ದರೆ ಮುಷ್ಟಿ ಮಣ್ಣಲ್ಲಿ ಸಣ್ಣ ವಸ್ತು ಕಾಣದೆ ಹುಡುಗನ ತಾಳ್ಮೆ ಹೋಗುತ್ತದೆ. ನಿಮ್ಮ ತಂದೆಯ ಭುಜ, ಮಂಡಿ ಹೇಗಿವೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಅಂಗಡಿಯಲ್ಲಿ ಹಗುರ ಅನ್ನಿಸಿದ ಮಷೀನ್ ಅರ್ಧ ಗಂಟೆ ಬೀಸಿದ ಮೇಲೆ ಹಾಗನ್ನಿಸುವುದಿಲ್ಲ. ತಾತ ಬೀಸಲಿ, ಮೊಮ್ಮಗ ಕೂತು ತೋಡಲಿ. ಈ ಪಾಲು ಇಬ್ಬರಿಗೂ ಒಪ್ಪುತ್ತದೆ.

ಹೊಲಕ್ಕೆ ಹೋಗುವ ಮುಂಚೆ ಮನೆ ಹತ್ತಿರ ಎಲ್ಲಾದ್ರೂ ಸ್ವಂತ ಮಣ್ಣಿದ್ದರೆ ಒಂದು ಮೊಳೆ, ಒಂದು ಮಾತ್ರೆ ಹಾಳೆ, ಬಾಟಲಿ ಮುಚ್ಚಳ, ಹಳೇ ತಾಮ್ರದ ಕಾಸು, ಸಣ್ಣ ಬೆಳ್ಳಿ ಕಾಲುಂಗುರ ಇವನ್ನು ಎರಡು, ನಾಲ್ಕು, ಆರು ಇಂಚಿಗೆ ಹೂತು ಗುರುತು ಹಾಕಿ. ಹುಡುಗ ಕಣ್ಣು ಮುಚ್ಚಿ ಸದ್ದು ಕೇಳಿ ಹೇಳಬೇಕು. ತುಕ್ಕು ಹಿಡಿದ ಮೊಳೆ ಒಂದು ಕಡೆಯಿಂದ ಬೀಸಿದಾಗ ಕೂಗುತ್ತದೆ, ಅಡ್ಡ ಬೀಸಿದರೆ ಮುರಿದು ಮುರಿದು ಕೇಳಿಸುತ್ತದೆ. ಕಾಸು ಯಾವ ಕಡೆಯಿಂದ ಬೀಸಿದರೂ ಒಂದೇ ರೀತಿ, ದುಂಡಗೆ ಕೂಗುತ್ತದೆ. ಇದೊಂದು ವ್ಯತ್ಯಾಸ ಕಿವಿಗೆ ಹತ್ತಿದರೆ ಅರ್ಧ ವಿದ್ಯೆ ಬಂದ ಹಾಗೆ. ತಟ್ಟೆ ನೆಲಕ್ಕೆ ಸಮನಾಗಿ, ಹುಲ್ಲು ಸವರುವಷ್ಟು ಹತ್ತಿರ ಇರಬೇಕು. ಎಲ್ಲರೂ ಕೊನೆಯಲ್ಲಿ ಉಯ್ಯಾಲೆ ಥರ ಮೇಲೆತ್ತುತ್ತಾರೆ. ಎತ್ತಿದ ಕಡೆ ಆಳ ತಪ್ಪಿಹೋಗುತ್ತದೆ.

ಏನು ಸಿಗುತ್ತದೆ? ಮುಕ್ಕಾಲು ಪಾಲು ಕಸ. ಮುಚ್ಚಳ, ತಂತಿ ಚೂರು, ಮಾತ್ರೆ ಹಾಳೆ. ಅದರ ನಡುವೆ ಎತ್ತಿನ ಲಾಳ, ಲಾಳದ ಮೊಳೆ, ನೇಗಿಲ ಗುಳದ ತುದಿ, ಕುಡುಗೋಲಿನ ಮುರುಕು, ಗೆಜ್ಜೆ, ಅಂಗಿಯ ಹಿತ್ತಾಳೆ ಗುಂಡಿ. ನಾಣ್ಯದಲ್ಲಿ ಜಾಸ್ತಿ ಬರುವುದು ಅಲ್ಯೂಮಿನಿಯಂ ಪೈಸೆಗಳು. ಆರು ಮೂಲೆಯ ಮೂರು ಪೈಸೆ ನಿಮ್ಮ ತಂದೆಗೆ ಚೆನ್ನಾಗಿ ಗೊತ್ತಿರುತ್ತದೆ, 1964ರಲ್ಲಿ ಬಂದಿದ್ದು. ಅದೃಷ್ಟ ಇದ್ದರೆ ನಡುವೆ ತೂತಿರುವ 1943ರಿಂದ 47ರವರೆಗಿನ ಒಂದು ಪೈಸೆ. ಇನ್ನೂ ಹಿಂದಕ್ಕೆ ಹೋದರೆ ವಿಕ್ಟೋರಿಯಾ ತಲೆಯ ಕಾಲಾಣೆ, ಅದಕ್ಕೂ ಹಿಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು, ಆನೆ ಇರುವ ಟಿಪ್ಪು ಕಾಸು. ವಿಕ್ಟೋರಿಯಾ ಕಾಲಾಣೆ ಮತ್ತು ಅದಕ್ಕೂ ಹಿಂದಿನವು ನೂರು ವರ್ಷ ದಾಟಿದವು, ಮೇಲೆ ಹೇಳಿದ ಕಾನೂನು ನೆನಪಿರಲಿ. ತಾಮ್ರ ಎದುರಾದರೆ ಹೀಗೆ ಗೊತ್ತಾಗುತ್ತದೆ: ಕೆಂಪು ಹೆಂಟೆ ಕೈಯಲ್ಲಿ ಒಡೆದಾಗ ಮಣ್ಣಿಗೇ ಹಸಿರು ಬಣ್ಣ ಅಂಟಿರುತ್ತದೆ, ದುಂಡಗೆ. ಆಗ ಬೆರಳು ಹಾಕಿ ಕೆರೆಯಬೇಡಿ.

ತೋಡಲು ಪಿಕಾಸಿ ಬೇಡ, ಕಳೆ ತೆಗೆಯುವ ಕುರ್ಪಿ ಸಾಕು. ಪಂಪ್‌ಸೆಟ್ ಕೇಬಲ್, ಬೋರ್‌ವೆಲ್ ಪೈಪ್ ಎಲ್ಲಿ ಹೋಗಿದೆ ಅಂತ ಮೊದಲೇ ಕೇಳಿಕೊಳ್ಳಿ. ಉದ್ದಕ್ಕೆ ಒಂದೇ ಸಮ ಕೂಗುವ ಸಿಗ್ನಲ್ ಸಿಕ್ಕರೆ ಅದು ನಿಧಿಯಲ್ಲ, ಕೇಬಲ್ಲು. ಕಲ್ಲು ಎತ್ತುವಾಗ ಚೇಳು ನೋಡಿಕೊಳ್ಳಿ. ಗುಂಡಿ ಮುಚ್ಚದೆ ಬರಬೇಡಿ, ದನದ ಕಾಲು ಸಿಕ್ಕೀತು.

ಈಗ ನನಗೆ ಮಷೀನಿಗಿಂತ ಮುಖ್ಯ ಅನ್ನಿಸುವ ವಿಷಯ. ನಮ್ಮ ಹಳ್ಳಿಗಳಲ್ಲಿ ಮೆಟಲ್ ಡಿಟೆಕ್ಟರ್ ಅಂದರೆ ಹವ್ಯಾಸ ಅಲ್ಲ, ನಿಧಿಗಳ್ಳರ ಸಾಮಾನು. ಲಿಂಗ ಕಿತ್ತಿದ್ದು, ಬಸವಣ್ಣನ ಬೆನ್ನು ಒಡೆದಿದ್ದು, ವೀರಗಲ್ಲಿನ ಬುಡ ಅಗೆದಿದ್ದು ಜನ ಕಂಡಿದ್ದಾರೆ. ನಿಧಿಗಾಗಿ ಅಮಾನುಷ ಪೂಜೆ, ಮಾಟ ಮಾಡುವುದನ್ನು 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆ ಅಪರಾಧ ಅಂತಲೇ ಹೇಳುತ್ತದೆ ಅಂದಮೇಲೆ ಈ ಹುಚ್ಚು ಎಲ್ಲಿಗೆ ಮುಟ್ಟಿತ್ತು ನೋಡಿ. ಹೀಗಿರುವಾಗ ಅಪರಿಚಿತ ಮುದುಕರೊಬ್ಬರು ಹುಡುಗನನ್ನು ಕರೆದುಕೊಂಡು ಸಂಜೆ ಹೊತ್ತು ಮಷೀನ್ ಹಿಡಿದು ಹೊಲದಲ್ಲಿ ಓಡಾಡಿದರೆ ಊರವರು ಏನಂದುಕೊಳ್ಳಬೇಕು? ಬೆಳಗ್ಗೆ ಹೋಗಿ. ಅಕ್ಕಪಕ್ಕದ ಹೊಲದವರಿಗೆ ಹೇಳಿ, ಹುಡುಗರನ್ನು ಕರೆದು ಸದ್ದು ಕೇಳಿಸಿ. ಅಮಾವಾಸ್ಯೆ ದಿನ ಮಾತ್ರ ಬೇಡ. ದೆವ್ವದ ಭಯಕ್ಕಲ್ಲ, ಜನರ ಭಯಕ್ಕೆ.

ಚಿಕ್ಕಪ್ಪಂದಿರ ವಿಷಯವೂ ಇದೇ. ಹೊಲ ಭಾಗ ಆಗಿದೆಯಾ, ಜಂಟಿ ಖಾತೆಯಾ? ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟಿದೆ, ಅದು ಸರ್ಕಾರದ್ದಾ? ಪಕ್ಕದಲ್ಲಿ ಗೋಮಾಳ ಇದೆಯಾ? ಒಂದು ದಿನ ಎಲ್ಲರೂ ಕೂತು, ಏನೇ ಸಿಕ್ಕರೂ ಎಲ್ಲರಿಗೂ ತೋರಿಸಿ ಸರ್ಕಾರಕ್ಕೆ ತಿಳಿಸುತ್ತೇವೆ ಅಂತ ಮಾತಾಡಿಕೊಳ್ಳಿ. ಏನೂ ಸಿಗದಿದ್ದರೂ ‘ಅಣ್ಣನಿಗೆ ಏನೋ ಸಿಕ್ಕಿತಂತೆ’ ಅನ್ನುವ ಒಂದು ಮಾತು ಸಾಕು, ಸಂಬಂಧ ಕೆಡುವುದಕ್ಕೆ.

ಮಷೀನ್ ಹುಡುಕುವಾಗ ಫೋನಿಗೆ ಬರುವ ಜಾಹೀರಾತುಗಳ ಬಗ್ಗೆ ಎಚ್ಚರ. ಇಪ್ಪತ್ತು ಅಡಿ ಆಳದ ಚಿನ್ನ ತೋರಿಸುವ ಆಂಟೆನಾ, ಅಕ್ಕಿ ಎಳೆಯುವ ತಾಮ್ರದ ಚೊಂಬು, ಹಳೇ ಐದು ರೂಪಾಯಿಗೆ ಐದು ಲಕ್ಷ, ಇವೆಲ್ಲ ಒಂದೇ ಕುಲದವು. ರೈಸ್ ಪುಲ್ಲಿಂಗ್ ಹೆಸರಲ್ಲಿ ಈ ಊರಿನಲ್ಲಿ ಓದಿದವರೇ ದುಡ್ಡು ಕಳೆದುಕೊಂಡಿದ್ದಾರೆ.

ಇನ್ನು ಹುಡುಗನ ಕಡೆಯಿಂದ ಒಂದು ಮಾತು. ಬೆಂಗಳೂರಿನ ಹಳೇ ಸಂಗತಿಗಳಲ್ಲಿ ಬಹುಪಾಲು ಕಲ್ಲಿನ ಮೇಲಿವೆ, ಅವಕ್ಕೆ ಮಷೀನ್ ಕೂಗುವುದಿಲ್ಲ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಅನ್ನುವ ಹೆಸರೇ ಇದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಅದಕ್ಕಿಂತ ಹಳೇದು, ಸುಮಾರು 750ರದ್ದು. ಚರಂಡಿ ಅಗೆಯುವಾಗ ಸಿಕ್ಕಿದ್ದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಇಂಥ ಶಾಸನಗಳನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಾಡುತ್ತಿದ್ದಾರೆ. 1905ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದರು. ಅದರಲ್ಲಿ ಊರೂರಿನ ಪಟ್ಟಿ ಇದೆ. ನಿಮ್ಮ ಹೊಲದ ಸುತ್ತಲ ಊರುಗಳನ್ನು ಅದರಲ್ಲಿ ಗುರುತು ಹಾಕಿಕೊಂಡು ಆ ಕಲ್ಲು ಈಗಲೂ ಅಲ್ಲೇ ಇದೆಯಾ, ಬಟ್ಟೆ ಒಗೆಯುವ ಕಲ್ಲಾಗಿದೆಯಾ ಅಂತ ನೋಡಿ ಬರುವುದು ತಾತ-ಮೊಮ್ಮಗನಿಗೆ ಹೇಳಿ ಮಾಡಿಸಿದ ಕೆಲಸ. ಇದಕ್ಕೆ ಯಾರ ಅನುಮತಿಯೂ ಬೇಡ, ಗುಡಿಯವರ ಹತ್ತಿರ ಒಂದು ಮಾತು ಕೇಳಿದರೆ ಆಯಿತು. ನಾಣ್ಯ ನೋಡಬೇಕು ಅಂದರೆ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ, 1865ರಲ್ಲಿ ಶುರುವಾದ ಸಂಸ್ಥೆ.

ಬೇಸಿಗೆ ರಜೆಗೆ ಹೊಲ ಬೇಡ. ಏಪ್ರಿಲ್‌ನಲ್ಲಿ ಆ ನೆಲ ಕುರ್ಪಿಗೆ ಬಗ್ಗುವುದಿಲ್ಲ, ಒಣ ಮಣ್ಣಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೆ, ಮೇಲೆ ಬಿಸಿಲು ಬೇರೆ. ರಜೆಯಲ್ಲಿ ಶಾಸನದ ಓಡಾಟ ಆಗಲಿ. ಮನೆಯಲ್ಲಿ ಸದ್ದಿನ ಅಭ್ಯಾಸ ನಡೆಯಲಿ. ರಾಗಿ ಕೊಯ್ಲು ಮುಗಿದು ಕೂಳೆ ಉಳಿದಿರುವಾಗ, ಇನ್ನೊಮ್ಮೆ ಉಳುವ ಮುಂಚೆ, ಡಿಸೆಂಬರ್ ಜನವರಿ ಹೊತ್ತಿಗೆ ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುತ್ತದೆ. ಆಗ ಹೋಗಲಿ. ಹೈ ಟೆನ್ಷನ್ ತಂತಿಯ ಕೆಳಗೆ ಮಾತ್ರ ಶುರು ಮಾಡಬೇಡಿ, ಅಲ್ಲಿ ಮಷೀನ್ ಸುಮ್ಮಸುಮ್ಮನೆ ಕೂಗಿ ಮೊದಲ ದಿನವೇ ಬೇಜಾರು ಬರಿಸುತ್ತದೆ.